ಒಡೆದವರ ಹೆಸರು

ದೇಶದ ಶಾಲೆಗಳಿಗೆ ಟ್ಯಾಬ್ ಮುಟ್ಟಿಸುವ ಯೋಜನೆ ನನ್ನ ಕೈಯಲ್ಲಿದೆ. ದಾಮರಗಿದ್ದದ ಹತ್ತಿರದ ಒಂದು ಶಾಲೆಗೆ ಹೋದಾಗ ಹೆಡ್‌ಮಾಸ್ತರರು ಬೀರುವಿನ ಬೀಗ ತೆಗೆದು ಹೆಮ್ಮೆಯಿಂದ ತೋರಿಸಿದರು. ಆಯುಧಪೂಜೆಯ ಕುಂಕುಮ ಬಿಟ್ಟರೆ ಟ್ಯಾಬುಗಳೆಲ್ಲ ಹೊಚ್ಚ ಹೊಸದಾಗಿಯೇ ಇದ್ದವು.

“ಪ್ರತಿ ಶನಿವಾರ ನಾನೇ ಚಾರ್ಜ್ ಮಾಡಿ ಇಡ್ತೀನ್ರೀ, ಮೇಡಂ. ಒಂದೂ ಒಡೆದಿಲ್ಲ.”

“ಮಕ್ಕಳ ಕೈಗೆ ಯಾವಾಗ ಕೊಡ್ತೀರಿ?”

“ನಾಕು ತಿಂಗಳಿಗೆ ನಾ ರಿಟೈರ್ ಆಗ್ತೀನ್ರೀ. ಒಂದು ಒಡೆದ್ರೂ ನನ್ನ ಪಿಂಚಣಿ ಕಾಗದ ನಿಂದರ್ತಾವು. ಆಮ್ಯಾಲ ಬರೋರು ಕೊಡ್ತಾರ.”

ನನಗೆ ಕೂರಲಾಗಲಿಲ್ಲ. ಕಿರಾಣಿ ಪೊಟ್ಟಣದ ಹಾಳೆ ಬಿಡಿಸಿ ಓದು ಕಲಿತವಳು ನಾನು. ಬೀಗ ಹಾಕಿದ ಬೀರು ಕಂಡರೆ ಸಹಿಸಲಾರೆ. ನಿಂತಲ್ಲೇ ಎಲ್ಲವನ್ನೂ ಹಂಚಿಸಿದೆ. ಹತ್ತು ನಿಮಿಷದೊಳಗೆ ಒಂದು ಟ್ಯಾಬ್ ನೆಲಕ್ಕೆ ಬಿದ್ದು ಗಾಜು ಬಿರಿಯಿತು. ಬೀಳಿಸಿದ ಹುಡುಗಿ ಅಳಲಿಲ್ಲ. ಮಾಸ್ತರರ ಕಣ್ಣು ತುಂಬಿತು.

“ರಿಜಿಸ್ಟರ್ ತರ್ರಿ,” ಎಂದೆ. ಒಡೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ. “ಇನ್ನ ಮ್ಯಾಲ ಒಡೆದದ್ದೆಲ್ಲಾ ನನ್ನ ಹೆಸರಿಗೇ ಬರೀರಿ.”

“ಆತು ಬಿಡ್ರೀ,” ಎಂದರು ಮಾಸ್ತರರು, “ನಿಮ್ಮ ಪಿಂಚಣಿ, ನಿಮ್ಮಿಷ್ಟ.”

ಆಗಿನಿಂದ ಪ್ರತಿ ಶನಿವಾರ ಫೋನು ಮಾಡಿ ಕೇಳುತ್ತೇನೆ. “ಮತ್ತೇನೂ ಒಡೆದಿಲ್ರೀ,” ಎನ್ನುತ್ತಾರೆ. ಬೇರೆ ಯಾರಿಗಾದರೂ ಇದು ಒಳ್ಳೆಯ ಸುದ್ದಿ. ನನಗೆ ಮಾತ್ರ ಈಗಲೇ ಬಸ್ಸು ಹತ್ತಿ ಆ ಬೀರುವನ್ನು ನೋಡಿ ಬರಬೇಕೆನಿಸುತ್ತದೆ.