ಗದೆಗಳ ಕೋಣೆ ಖಾಲಿಯಾದದ್ದು

ಬನಹಟ್ಟಿಯ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಬೆಳ್ಳಿ ಗದೆಗಳು ಆರಾಮಾಗಿದ್ದವು. ಅವುಗಳಿಗೆ ಸ್ವಂತ ಕೋಣೆಯಿತ್ತು. ನಾವು ಪಡಸಾಲೆಯಲ್ಲಿ ಮಲಗುತ್ತಿದ್ದೆವು. ಕಾಕಾ ಕುಸ್ತಿಯಲ್ಲಿ ಗೆದ್ದು ತಂದ ಗದೆ, ಕಡಗ, ಢಾಲು, ರುಮಾಲು ಅಲ್ಲಿ ತುಂಬಿದ್ದವು. ಕೆಲವು ರುಮಾಲು ನಮ್ಮ ಓಣಿಯಲ್ಲೇ ನೇಯ್ದವು. ಊರಿನಿಂದ ಹೋದ ಬಟ್ಟೆ ಕೀರ್ತಿಯಾಗಿ ಊರಿಗೇ ಬರುತ್ತಿತ್ತು.

ಓಣಿಯವರೆಲ್ಲ ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗ ಹಾಕುತ್ತಿದ್ದ ಕಾಲ. ಆ ಕೋಣೆಯಲ್ಲಿ ನಾವೂ ಹಾಕೋಣವೆಂದು ಕಾಕಾನ ಹೆಂಡತಿ ಕಾಕು ಹಟ ಹಿಡಿದಳು.

"ಮಗ್ಗ ಬರೂದ್ರಾಗ ನಿಮ್ಮ ಹನುಮಪ್ಪನ ಸಂಸಾರ ಖಾಲಿ ಮಾಡ್ರಿ."

"ಹನುಮಪ್ಪಗ ಸಂಸಾರ ಎಲ್ಲೈತಿಬೇ?"

"ಅದಕ್ಕ ಅಂವ ಸುಖದಾಗ ಅದಾನ. ನಮಗ ಮಗ್ಗ ಬೇಕು."

ಗದೆಗಳನ್ನು ಇಡಲು ಜಾಗ ಕೇಳಿ ಮೊದಲು ಶಾಲೆಗೆ ಹೋದೆವು. ಹೆಡ್‌ಮಾಸ್ತರರು ಹಿಂಜರಿದರು. "ಇವನ್ನ ಇಟ್ಟರ ನಮ್ಮ ಹುಡುಗರು ಗೆದ್ದಾರಂತ ಜನ ತಿಳಕೋತಾರ್ರಿ."

ಕೊನೆಗೆ ಮುಧೋಳದ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ವಸ್ತಾದ ಟೆಂಪೊ ತಂದು ಎಲ್ಲವನ್ನೂ ಹೇರಿಕೊಂಡು ಹೋದ. ಅಲ್ಲಿ ಜತನವಾಗಿರುತ್ತವೆ ಎಂದು ಕಾಕಾ ನಂಬಿದ. ಆದರೆ ಕುಸ್ತಿಯ ಸುಗ್ಗಿಯಲ್ಲಿ ಗರಡಿಗೆ ಗದೆ ಕಳಿಸುವವನು ಬಹುಮಾನದ ದಾನಿ ಎಂದೇ ಲೆಕ್ಕ. ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಯಾರೂ ಕಳಿಸುವುದಿಲ್ಲ. ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಕುಸ್ತಿಯ ದಿನ ನಾನೂ ಜೊತೆಗಿದ್ದೆ. ಧ್ವನಿವರ್ಧಕ ಕಾಕಾನ ಔದಾರ್ಯವನ್ನು ಕೊಂಡಾಡುತ್ತಿತ್ತು. ಹಾರ ಹಾಕಿಸಿಕೊಂಡು ಅವನು ತನ್ನ ಗೆಲುವುಗಳನ್ನು ಒಂದೊಂದಾಗಿ ಪರರಿಗೆ ಹಂಚಿದ. ನಗುತ್ತಿದ್ದ ಎಂದು ನನ್ನ ನೆನಪು. ಫೋಟೊದಲ್ಲಿ ನಗುವಿಲ್ಲ, ಫೋಟೊವನ್ನೂ ನಾನು ಪೂರ್ತಿ ನಂಬುವುದಿಲ್ಲ.

ಉಳಿದದ್ದು ದೊಡ್ಡ ಗದೆ, ಅವನ ಪ್ರಾಣ. ಅದಕ್ಕಾಗಿ ಅವನು ಕೆಡವಿದ ಜಟ್ಟಿ ಒಮ್ಮೆ ಸಾಂಗಲಿಯವನು, ಒಮ್ಮೆ ಕೊಲ್ಲಾಪುರದವನು. ಕಥೆ ಹೇಳಿದಷ್ಟೂ ಜಟ್ಟಿಯ ತೂಕ ಏರುತ್ತಿತ್ತು. ಕೊನೆಯ ಜೋಡಿಗೆ ದಾನಿಯೇ ಪಂಚ, ಸೋಲು ಗೆಲುವು ಹೇಳುವವನು. ಕುಸ್ತಿ ಸಮವಾದರೆ ಗದೆ ದಾನಿಗೇ ವಾಪಸ್ಸು.

ಅನಗವಾಡಿಯ ಪೈಲ್ವಾನ ಎದುರಾಳಿಯನ್ನು ಕೆಡವಿದ. ಬಿದ್ದವನ ಎರಡೂ ಭುಜ ಕೆಂಪು ಮಣ್ಣಿಗೆ ಒತ್ತಿದ್ದವು. ಕಾಕಾ ಬಗ್ಗಿ ನೋಡಿದ.

"ಬೆನ್ನ ನೆಲಕ್ಕ ಹತ್ತಿಲ್ಲ. ಮತ್ತ ಹಿಡೀರಿ."

ಮತ್ತೆ ಹಿಡಿದರು. ಅನಗವಾಡಿಯವನು ಮತ್ತೆ ಕೆಡವಿದ.

"ಹತ್ತಿಲ್ಲ."

"ಪೈಲ್ವಾನ್ರ, ಚಸ್ಮಾ ಹಾಕ್ಕೋರಿ!" ಎಂದು ಜನ ಕಾಕಾನಿಗೆ ಕೂಗಿದರು.

ಅನಗವಾಡಿಯವನು ಎದುರಾಳಿಯ ಎದೆಯ ಮೇಲಿಂದ ಏಳಲೇ ಇಲ್ಲ. ಏದುಸಿರಿನಲ್ಲೇ ಹೇಳಿದ: "ಗದಾ ನಿಮಗ ಬೇಕಾದ್ರ ಇಟ್ಕೋರಿ, ನನಗ ಬ್ಯಾಡ. ಗೆದ್ದೇನಿ ಅಂತ ಅಷ್ಟ ಅನ್ರಿ."

ಕೆಳಗಿದ್ದವನೂ ಉತ್ತರಕ್ಕೆ ಕಾಯುತ್ತಿದ್ದಂತಿತ್ತು. ಕಾಕಾ ಮುಂದೆ ಬಂದು ಅನಗವಾಡಿಯವನ ಕೈ ಹಿಡಿದೆತ್ತಿ, ಗೆದ್ದನೆಂದು ಸಾರಿದ. ಜನ ಸಿಳ್ಳೆ ಹೊಡೆದರು.

ಇಲ್ಲಿಗೆ ನಿಲ್ಲಿಸಿದರೆ ಕಾಕಾ ದೊಡ್ಡ ಮನುಷ್ಯನಾಗುತ್ತಾನೆ. ಆದರೆ ಅವನ ಇನ್ನೊಂದು ಕೈ ಗದೆಯನ್ನು ಬಿಟ್ಟಿರಲಿಲ್ಲ. ಬನಹಟ್ಟಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನಗೆ ವಿವರಿಸಿದ: "ಪೈಲ್ವಾನ ಬಾಯಿಬಿಟ್ಟು ಬ್ಯಾಡ ಅಂದಾನ. ಅವನ ಮಾತು ನಾವು ಮುರೀಬಾರದು."