ಅಂಚೆಚೀಟಿಯ ಪಾಂಗ್

ಜಿಗಾಂಗ್ ಊರಿನ ಚಹಾದಂಗಡಿಯಲ್ಲಿ ಕೂತು ಹಳೆಯ ಅಂಚೆಚೀಟಿ ಮಾರುವ ಪಾಂಗ್ ಶಿಕ್ವಾನ್, ಕತೆ ಹೇಳದೆ ಒಂದು ಚೀಟಿಯನ್ನೂ ಕೊಟ್ಟವನಲ್ಲ. ಸಿಚುವಾನ್ ಸಂಗೀತನಾಟಕದ ಚೀಟಿಗಳೆಂದರಂತೂ ಮುಗಿದೇ ಹೋಯಿತು. ಬಿಳಿಮೂಗಿನ ವಿದೂಷಕನನ್ನು ಬಯಸಿದವರು ಮೂರು ಅಂಕ ಕೇಳಿಯೇ ಏಳಬೇಕು. "ಅಜ್ಜ, ಬಸ್ಸು ಹೋಗುತ್ತೆ!" ಎಂದರೆ, "ಹೋಗ್ಲಿ ಬಿಡಯ್ಯ, ರಾಜಕುಮಾರಿ ಇನ್ನೂ ಬಂದೇ ಇಲ್ಲ" ಎನ್ನುತ್ತಾನೆ. ಚೌಕಾಸಿ ಮಾಡಿದರೆ ಮುಖ ತಿರುಗಿಸಿ, ಕೇಳಿಸದವನ ಹಾಗೆ ಕೂರುತ್ತಾನೆಂದು ಜನ ನಗುತ್ತಾರೆ. ನಿಜಕ್ಕೂ ಅವನಿಗೆ ಏನೂ ಕೇಳಿಸುವುದಿಲ್ಲ. ನಾಟಕ ಮಂಡಳಿಯಲ್ಲಿ ಮೂವತ್ತು ವರ್ಷ ಜಾಗಟೆಗಳ ಪಕ್ಕದಲ್ಲೇ ಕೂತು ಡೋಲು ಬಾರಿಸಿ ಕಿವಿ ಕಳೆದುಕೊಂಡವನು, ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾನೆ. ಮಂಡಳಿ ಮುಚ್ಚಿ ಎಷ್ಟೋ ವರ್ಷಗಳ ಮೇಲೆ, ಹೋದ ಚಳಿಗಾಲದಲ್ಲಿ, ಅದರ ನಾಯಕಿಯಾಗಿದ್ದ ಯು ಸುಲಾನ್ ಅವನನ್ನು ಹುಡುಕಿಕೊಂಡು ಬಂದಳು. ಉದ್ದ ತೋಳಿನ ಅಂಗಿ ತೊಟ್ಟ ನಾಯಕಿಯ ಚೀಟಿಯನ್ನು ಅವಳ ಮುಂದಿಟ್ಟು, "ನಿನ್ನದೇ ಪಾತ್ರ ಕಣೇ. ಒಂದ್ಸಲ ಹಾಡು" ಎಂದ. ಅವಳು ಹಾಡತೊಡಗಿದಳು. ಅವನು ಚೀಟಿಯಲ್ಲೇ ಕಣ್ಣು ನೆಟ್ಟು, ಎರಡು ಊಟದ ಕಡ್ಡಿಗಳಿಂದ ಮೇಜಿನ ಮೇಲೆ ತಾಳ ಹಾಕಿದ. ಎರಡನೆಯ ಸಾಲಿಗೇ ಅವಳಿಗೆ ಅಳು ಬಂದು ಹಾಡು ನಿಂತಿತು. ಪಾಂಗ್ ಮಾತ್ರ, ಹಿಂದೆ ಅವಳು ಉಸಿರೆಳೆದುಕೊಳ್ಳುತ್ತಿದ್ದ ಕಡೆಗಳಲ್ಲೆಲ್ಲ ಕೈ ತಡೆದು ಕಾಯುತ್ತ, ಪದ್ಯದ ಕೊನೆಯವರೆಗೂ ಬಾರಿಸಿದ. ಆಮೇಲೆ ತಲೆಯೆತ್ತಿ, "ದನಿ ಹಾಗೇ ಇದೆಯೇನೇ, ಸುಲಾನ್?" ಎಂದು ಕೇಳಿದ. ಅಷ್ಟರಲ್ಲಿ ಅವಳು ಮುಖ ಒರೆಸಿಕೊಂಡಿದ್ದಳು. ಅವನಿಗೆ ಚೆನ್ನಾಗಿ ಕಾಣುವಂತೆ ತುಟಿ ಬಿಡಿಸಿ, "ಹಾಗೇ ಇದೆ, ಅಣ್ಣ" ಎಂದಳು.