ಕಿಟಕಿಗೆ ಕಿವಿ ಕೊಟ್ಟ ಯಜಮಾನರು

ಅವರ ಬಲಗಿವಿ ಎಡಗಿವಿಗಿಂತ ತುಸು ಮುಂದಕ್ಕೆ ಚಾಚಿಕೊಂಡಿತ್ತು. ಎದುರಿಗಿದ್ದವರು ಮಾತಾಡುವಾಗ ಮುಖ ನೋಡುತ್ತಿರಲಿಲ್ಲ. ಆ ಕಿವಿಯನ್ನಷ್ಟೇ ಒಡ್ಡಿಕೊಂಡು ಗೋಡೆ ನೋಡುತ್ತ ನಿಲ್ಲುತ್ತಿದ್ದರು. ತುಮಕೂರಿನಲ್ಲಿ ಮನೆಮನೆಗೂ ಕೇಬಲ್ ಬಂದಿದ್ದ ಕಾಲ. ನಾನು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಊರಿನ ಒಂದು ಕೇಬಲ್ ಚಾನೆಲ್‌ನಲ್ಲಿ ಸಂಜೆ ಏಳರ ಸ್ಥಳೀಯ ವಾರ್ತೆ ಓದುತ್ತಿದ್ದೆ. ಆ ಕಿವಿಯವರು ಆ ಚಾನೆಲ್‌ನ ಯಜಮಾನರು. ಅವರನ್ನು ನಾನು ಎಂದೂ ಇಷ್ಟಪಡಲಿಲ್ಲ, ಈಗಲೂ ಇಲ್ಲ.

ಅದೇ ಏಳಕ್ಕೆ ಊರಿನ ಇನ್ನೊಂದು ಚಾನೆಲ್‌ನವರೂ ವಾರ್ತೆ ಬಿಡುತ್ತಿದ್ದರು. ಹೆಚ್ಚು ಮನೆಯವರು ಯಾವುದನ್ನು ನೋಡುತ್ತಾರೋ ಅದಕ್ಕೆ ಸೀರೆ ಅಂಗಡಿ, ಚಿನ್ನದಂಗಡಿಯವರ ಜಾಹೀರಾತು. ಯಾರನ್ನು ಎಷ್ಟು ಮನೆ ನೋಡುತ್ತವೆಂದು ತಿಳಿಯುವ ದಾರಿ ಇರಲಿಲ್ಲ. ಅದಕ್ಕೇ ನಾನು ಓದಲು ಕೂತೊಡನೆ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿಯುತ್ತಿದ್ದರು. ಮನೆಗಳ ಕಿಟಕಿ ಪಕ್ಕ ನಿಂತು, ಒಳಗಿಂದ ಬರುವುದು ನನ್ನ ದನಿಯೋ ಆ ಚಾನೆಲ್ ಹುಡುಗಿಯದೋ ಎಂದು ಆಲಿಸುತ್ತಿದ್ದರು. ವಾಪಸು ಬಂದು ಎಲ್ಲರೆದುರು ತೀರ್ಪು ಹೇಳುತ್ತಿದ್ದರು.

"ಸೋಮೇಶ್ವರಪುರದಲ್ಲಿ ನಿನ್ ದನೀನೇ ಇಲ್ವಲ್ಲಮ್ಮ. ಸಂಬಳ ಮಾತ್ರ ಬೇಕು."

ಕ್ಯಾಮೆರಾದವನು ಜ್ವರವೆಂದರೆ, ಆ ಚಾನೆಲ್‌ನವರಿಗೆ ಜ್ವರ ಬರಲ್ವಾ ಎಂದು ಕೇಳುತ್ತಿದ್ದರು. ಕುಣಿಗಲ್‌ನ ಕೇಬಲ್‌ನವರೊಬ್ಬರು ಎದುರಾಳಿಗಳ ವಾರ್ತೆ ಹಾಕಲು ಒಪ್ಪಿದ್ದಕ್ಕೆ ಅವರ ಮಗಳ ಮದುವೆಗೇ ಯಜಮಾನರು ಹೋಗಲಿಲ್ಲ. ಹೋಗಿ ಉಂಡು ಬಂದ ನಮ್ಮನ್ನೂ ಎಷ್ಟೋ ದಿನ ಮಾತಾಡಿಸಲಿಲ್ಲ.

ಒಂದು ಸಂಜೆ ಯಡಿಯೂರಿನಿಂದ ಬರುತ್ತಿದ್ದ ಟೆಂಪೊ ಕುಣಿಗಲ್ ಬಳಿ ಮಗುಚಿತು. ಸತ್ತವರ ಹೆಸರನ್ನು ನಾವೇ ಮೊದಲು ಹೇಳಬೇಕೆಂದು ಯಜಮಾನರು ಯಾರಿಗೋ ಫೋನ್ ಮಾಡಿ ಬರೆದುಕೊಂಡರು. ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸೋಣ ಸಾರ್ ಎಂದೆ.

"ನೀನು ವಿಚಾರಿಸ್ತಾ ಕೂತ್ಕೊ, ಅವ್ರು ಓದ್ಬುಡ್ಲಿ" ಎಂದು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾವೇ ಕೂತು ಓದಿದರು. ಅದರಲ್ಲಿ ಗುಬ್ಬಿಯ ಹೆಂಗಸೊಬ್ಬರ ಹೆಸರಿತ್ತು. ಅವರು ಸತ್ತಿರಲಿಲ್ಲ, ಕೈ ಮುರಿದಿತ್ತು. ತುಮಕೂರಿನಲ್ಲಿದ್ದ ಅವರ ತಾಯಿ ವಾರ್ತೆ ಕೇಳಿ ಕುಸಿದು ಬಿದ್ದರು. ಮಾತು ನಿಂತುಹೋಯಿತು.

ಮಾರನೆಯ ದಿನ ಆ ಹೆಂಗಸು ಕೈಗೆ ಪಟ್ಟಿ ಕಟ್ಟಿಕೊಂಡು ಗಂಡನ ಜೊತೆ ಆಫೀಸಿಗೆ ಬಂದರು. ಯಜಮಾನರು ತಪ್ಪಾಯಿತು ಎನ್ನುತ್ತಾರೆಂದುಕೊಂಡೆ. ಅವರು ಕುರ್ಚಿ ಹಾಕಿಸಿ, ಕಾಫಿ ತರಿಸಿ, ಏನಿದ್ದರೂ ಸಂಜೆ ಜನರೆದುರೇ ಹೇಳಿಬಿಡಿ ಎಂದು ಒಪ್ಪಿಸಿದರು. ಮಧ್ಯಾಹ್ನದಿಂದಲೇ ಪರದೆಯ ಕೆಳಗೆ ಅಕ್ಷರ ಓಡತೊಡಗಿತು: ಸತ್ತರೆಂದುಕೊಂಡವರು ಇಂದು ಏಳಕ್ಕೆ, ನಮ್ಮಲ್ಲಿ ಮಾತ್ರ. ಅದನ್ನು ನೋಡಿಯೇ ಹೊಸ ಜಾಹೀರಾತುಗಳು ಬಂದವು.

ಏಳಕ್ಕೆ ಆಕೆ ನನ್ನ ಪಕ್ಕ ಕೂತರು. ಕ್ಯಾಮೆರಾ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಯಜಮಾನರನ್ನು ನೋಡಿಕೊಂಡೇ ಹೇಳಿದರು.

"ನಾನ್ ಸತ್ತೋದೆ ಅಂತ ನಮ್ಮವ್ವಂಗೆ ಹೇಳಿದ್ದು ನೀವು. ಈಗ ನಾನ್ ಎದ್ರಿಗೆ ನಿಂತ್ರೂ ಅವ್ಳಿಗೆ ಗೊತ್ತಾಗ್ತಿಲ್ಲ. ಬದುಕಿದೀನಿ ಅಂತ ಅವ್ಳಿಗೆ ಯಾವ ಚಾನೆಲ್‌ನಲ್ಲಿ ಹೇಳ್ತೀರ?"

ನಿಲ್ಲಿಸು ಎನ್ನಬಹುದೆಂದು ಕ್ಯಾಮೆರಾದವನು ಬಾಗಿಲ ಕಡೆ ತಿರುಗಿದ. ಯಜಮಾನರು ಅಲ್ಲಿರಲಿಲ್ಲ, ಬೀದಿಗೆ ಹೋಗಿದ್ದರು. ಆಕೆ ಅಳುತ್ತ ತಾಯಿಯ ಸ್ಥಿತಿ ಹೇಳುತ್ತಲೇ ಇದ್ದರು. ನಡುವೆ ಜಾಹೀರಾತು ಬಂದಾಗ ಯಜಮಾನರು ಏದುಸಿರು ಬಿಡುತ್ತ ಒಳಗೆ ಬಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಇಡೀ ಬೀದೀಲಿ ನಮ್ದೇ ಕಣಮ್ಮ" ಎಂದರು. ಆಕೆಗೂ ಅದು ಕೇಳಿಸಿತು.

ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ. ಆ ತಾಯಿ ಮಗಳ ಗುರುತು ಹಿಡಿಯದೆಯೇ ತೀರಿಕೊಂಡರು. ಆಮೇಲೆ ದಿನವಿಡೀ ಸುದ್ದಿ ಹೇಳುವ ದೊಡ್ಡ ಚಾನೆಲ್‌ಗಳು ಬಂದು, ಊರಿನ ಎರಡೂ ಚಾನೆಲ್‌ಗಳ ವಾರ್ತೆಯನ್ನು ಕೇಳುವವರಿಲ್ಲದಂತಾಯಿತು. ಕೆಲವು ವರ್ಷಕ್ಕೆ ಯಜಮಾನರೂ ಹೋದರು.

ಶ್ರದ್ಧಾಂಜಲಿ ಸಭೆಗೆ ನನ್ನನ್ನೂ ಕರೆದಿದ್ದರು. ಊರಿಗೆ ಸುದ್ದಿ ತಂದ ಮಹನೀಯರೆಂದು ಒಬ್ಬೊಬ್ಬರೂ ಹೊಗಳಿದರು. ನನ್ನ ಸರದಿ ಬಂದಾಗ ಗುಬ್ಬಿಯ ಹೆಂಗಸಿನ ತಾಯಿಯ ವಿಷಯ ಹೇಳಿದೆ. ಪದದ ಕೊನೆ ನುಂಗದೆ ಮಾತಾಡುವುದನ್ನು ನನಗೆ ಕಲಿಸಿದ್ದು ಯಜಮಾನರೇ. ಹಾಗೆಯೇ ಹೇಳಿ ಇಳಿದೆ. ಯಾರೂ ನನ್ನ ಮುಖ ನೋಡಲಿಲ್ಲ.

ಹೊರಡುವಾಗ ಅವರ ಹೆಂಡತಿ ಬಾಗಿಲ ಬಳಿ ನನ್ನ ಕೈ ಹಿಡಿದರು. ಬೈಯುತ್ತಾರೆಂದುಕೊಂಡೆ.

"ಮನೇಲೂ ಹಂಗೇ ಇದ್ರು ಕಣಮ್ಮ" ಎಂದರು. "ನೀನಾದ್ರೂ ಹೇಳ್ದೆ."